ಊಳಿಗಮಾನ್ಯ: ಫ್ರಾಂಕರ ನಾಡಿನಲ್ಲಿ ಮತ್ತು ನಮ್ಮ ಠಾಣೆಯಲ್ಲಿ



ಯೂರೋಪಿನ ಮಧ್ಯಯುಗದ ಪಾಠ ಬಂದಾಗಲೆಲ್ಲ ನಿಮ್ಮಲ್ಲೊಬ್ಬರು ಎದ್ದು ನಿಂತು ಕೇಳುವ ಪ್ರಶ್ನೆ ಒಂದುಂಟು: "ಗುರುಗಳೇ, ಊಳಿಗಮಾನ್ಯ ಪದ್ಧತಿಯನ್ನು ಸ್ಥಾಪಿಸಿದ ರಾಜನು ಯಾರು?" ಯಾವ ರಾಜನೂ ಅದನ್ನು ಸ್ಥಾಪಿಸಲಿಲ್ಲ. ಹೆಸರನ್ನೇ ಬಿಡಿಸಿ ನೋಡಿರಿ. ಊಳಿಗವೆಂದರೆ ಸೇವೆ, ಮಾನ್ಯವೆಂದರೆ ಕಂದಾಯವಿಲ್ಲದೆ ಅನುಭವಿಸಲು ಬಿಟ್ಟುಕೊಟ್ಟ ಭೂಮಿ. ಸೇವೆ ನಡೆಯುವವರೆಗೆ ಭೂಮಿ ಎಂಬುದು ಮೊದಲಿನ ಕರಾರು. ತಂದೆಯ ಭೂಮಿಯು ಮಗನಿಗೂ ಸಲ್ಲತೊಡಗಿದ ಮೇಲೆ ಸೇವಕನೇ ಒಡೆಯನಾದನು. ನಾವು ವಿದ್ಯಾರ್ಥಿಗಳಾಗಿದ್ದಾಗ ಇದನ್ನು ಅರಿಯದೆಯೇ ಉತ್ತರವನ್ನು ಬಾಯಿಪಾಠ ಮಾಡಿ ಅಂಕಗಳನ್ನು ಪಡೆದೆವು.

ಎಂಟನೆಯ ಶತಮಾನದಲ್ಲಿ ಫ್ರಾಂಕ್ ಜನರ ನಾಯಕನಾದ ಚಾರ್ಲ್ಸ್ ಮಾರ್ಟೆಲನು ಇಗರ್ಜಿಗಳ ಜಮೀನುಗಳನ್ನು ತನ್ನ ಯೋಧರಿಗೆ ಹಂಚಿದನು. ಕುದುರೆ, ಕವಚ, ಆಯುಧಗಳ ವೆಚ್ಚವನ್ನು ಭೂಮಿಯ ಹುಟ್ಟುವಳಿಯಿಂದಲೇ ತೂಗಿಸಬೇಕಾಗಿದ್ದ ಕಾಲವದು. ಆಶ್ರಿತನು ಮೊಣಕಾಲೂರಿ, ಜೋಡಿಸಿದ ಕೈಗಳನ್ನು ಒಡೆಯನ ಕೈಗಳ ನಡುವೆ ಇಟ್ಟು, ನಿಷ್ಠೆಯ ಪ್ರಮಾಣ ಮಾಡುತ್ತಿದ್ದನು. 814ರಲ್ಲಿ ಷಾರ್ಲಮೇನ್ ಚಕ್ರವರ್ತಿಯು ತೀರಿಕೊಂಡನು. 843ರಲ್ಲಿ ವರ್ಡನ್ ಒಪ್ಪಂದದಂತೆ ಅವನ ಮೊಮ್ಮಕ್ಕಳು ಮೂವರು ರಾಜ್ಯವನ್ನು ಹಂಚಿಕೊಂಡರು. ಅದೇ ಕಾಲದಲ್ಲಿ ಉತ್ತರದ ಕಡಲುಗಳ್ಳರು ಹಡಗುಗಳಲ್ಲಿ ನದಿಗಳನ್ನೇರಿ ಬಂದು ಊರುಗಳನ್ನು ಸುಡುತ್ತಿದ್ದರು. ದೂರದ ರಾಜನ ಸೈನ್ಯವು ಬರುವುದರೊಳಗೆ ಊರು ಬೂದಿಯಾಗುತ್ತಿತ್ತು. ಹತ್ತಿರದಲ್ಲಿ ಕೋಟೆ ಕಟ್ಟಿಕೊಂಡಿದ್ದ ಪ್ರಭುವೇ ದಿಕ್ಕು. ಎಷ್ಟೋ ಮಂದಿ ಸ್ವತಂತ್ರ ರೈತರು ತಮ್ಮ ಹೊಲವನ್ನು ಅಂಥವನಿಗೆ ಒಪ್ಪಿಸಿ, ಅದನ್ನೇ ಅವನ ಒಕ್ಕಲಾಗಿ ಮರಳಿ ಪಡೆದರು. 877ರಲ್ಲಿ ಬೋಳುತಲೆಯ ಚಾರ್ಲ್ಸ್ ಎಂಬ ಅರಸನು ಇಟಲಿಗೆ ಹೊರಡುವ ಮುನ್ನ, ತಾನಿಲ್ಲದಾಗ ಅಧಿಕಾರಿಯೊಬ್ಬನು ಸತ್ತರೆ ಅವನ ಮಗನ ಹಕ್ಕನ್ನು ಕಾಯ್ದಿಡಬೇಕೆಂದು ಕಿಯರ್ಜಿಯಲ್ಲಿ ಒಪ್ಪಿಕೊಂಡನು. ಅದೇ ವರ್ಷ ಮರಳುವ ದಾರಿಯಲ್ಲಿ ತಾನೇ ಮಡಿದನು.

ಈಗ ಈ ಇಸವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಠಾಣೆಗೆ ಬನ್ನಿರಿ. ಷಾರ್ಲಮೇನನು ತೀರಿಕೊಂಡ 814ರಲ್ಲಿಯೇ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ಪಟ್ಟವೇರಿದನು. ಮಾನ್ಯಖೇಟವು ಅವನ ರಾಜಧಾನಿ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕಲ್ಯಾಣದಿಂದ ರೈಲು ಹತ್ತಿದರೂ ಅದು ನಮಗೆ ಒಂದು ರಾತ್ರಿಯ ದಾರಿ. ಅಂದು ಘಟ್ಟ ದಾಟಿ ಬರಲು ಎಷ್ಟು ದಿನ ಬೇಕಾಗಿದ್ದೀತು! ಆದುದರಿಂದ ಉತ್ತರ ಕೊಂಕಣವನ್ನು ಶಿಲಾಹಾರ ಮನೆತನದ ಸಾಮಂತರು ಆಳುತ್ತಿದ್ದರು. ಠಾಣೆಗೆ ಹೊಂದಿಕೊಂಡ ಕಾಡಿನ ಆಚೆ ಇರುವ ಕಾನ್ಹೇರಿ ಗುಹೆಗಳಲ್ಲಿ ಇದಕ್ಕೆ ಸಾಕ್ಷಿಯುಂಟು. ಶಕ 765ರ, ಅಂದರೆ ಕ್ರಿ.ಶ. 843-44ರ ಶಾಸನವೊಂದರಲ್ಲಿ ಕಪರ್ದಿಯ ಮಗನಾದ ಪುಲ್ಲಶಕ್ತಿಯು ಅಮೋಘವರ್ಷನ ಅನುಗ್ರಹದಿಂದ ಕೊಂಕಣವನ್ನು ಆಳುವವನೆಂದು ಹೇಳಿದೆ. ಶಕ 799ರ, ಅಂದರೆ 877-78ರ ಶಾಸನದಲ್ಲಿ ಪುಲ್ಲಶಕ್ತಿಯ ಮಗ ಇಮ್ಮಡಿ ಕಪರ್ದಿಯ ಹೆಸರಿದೆ. ವರ್ಡನ್, ಕಿಯರ್ಜಿಗಳ ಇಸವಿಗಳಿಗೆ ಇವು ಹೊಂದಿಬಂದದ್ದು ಕಾಕತಾಳೀಯವೇ ಸರಿ. ಆದರೆ ತಂದೆ, ಮಗ, ಮೊಮ್ಮಗ ಎಂದು ಅಧಿಕಾರವು ಮನೆತನದಲ್ಲಿಯೇ ಇಳಿದುಬಂದದ್ದು ಕಾಕತಾಳೀಯವಲ್ಲ.

ಇಲ್ಲಿ ಕೈಗಳನ್ನು ಕೈಯೊಳಗಿಡುವ ವಿಧಿ ಇರಲಿಲ್ಲ. ಸಾಮಂತನಿಗೆ ಪಂಚಮಹಾಶಬ್ದದ ಮರ್ಯಾದೆ ಸಲ್ಲುತ್ತಿತ್ತು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ಮೊಳಗಿಸಿಕೊಳ್ಳುವ ಹಕ್ಕೇ ಅದು ಎಂದು ವಿವರಿಸುವರು. ಮತ್ತೊಂದು ಭೇದವನ್ನೂ ಗಮನಿಸಿರಿ. ನಾಣ್ಯಗಳ ಅಭಾವವೇ ಈ ಪದ್ಧತಿಗೆ ಕಾರಣವೆಂದು ಪುಸ್ತಕಗಳು ಹೇಳುತ್ತವೆ. ಕಾನ್ಹೇರಿಯ ಶಾಸನಗಳಲ್ಲಾದರೋ ದ್ರಮ್ಮವೆಂಬ ನಾಣ್ಯಗಳ ದತ್ತಿಯೇ ಬರುತ್ತದೆ. ರಾಮಶರಣ ಶರ್ಮರು 1965ರ ತಮ್ಮ ಗ್ರಂಥದಲ್ಲಿ ಭಾರತದಲ್ಲಿಯೂ ಊಳಿಗಮಾನ್ಯವಿತ್ತೆಂದು ವಾದಿಸಿದರು. ಹರಬನ್ಸ್ ಮುಖಿಯಾ ಮುಂತಾದವರು ಒಪ್ಪಲಿಲ್ಲ. ಹೋಲಿಕೆ ಅರ್ಧವೇ ಸರಿ ಎಂದು ನಮಗೆ ತೋರುತ್ತದೆ.

ಆ ಅರ್ಧ ಹೋಲಿಕೆಯು ಎದ್ದುಕಾಣುವುದು ದಾನಶಾಸನಗಳಲ್ಲಿ. ಅಂದಿನ ತಾಮ್ರಪಟಗಳಲ್ಲಿ ಊರನ್ನು ಹುಲ್ಲು, ಮರ, ನೀರುಗಳ ಸಮೇತ ಕೊಟ್ಟು, ರಾಜಭಟರು ಅಲ್ಲಿ ಕಾಲಿಡಬಾರದೆಂದು ವಿಧಿಸುವುದುಂಟು. ಫ್ರಾಂಕ್ ಅರಸರು ಇಗರ್ಜಿಗಳಿಗೆ ಕೊಟ್ಟ ಸನ್ನದುಗಳಲ್ಲಿಯೂ ಇಂತಹುದೇ ಮಾತಿದೆ. ರಾಜನ ಆಳು ಬಾರದ ಊರಿನಲ್ಲಿ ರೈತನು ತನ್ನ ದೂರನ್ನು ಯಾರ ಮುಂದೆ ಹೇಳಬೇಕು? ದಾನ ಪಡೆದವನ ಮುಂದೆಯೇ. ಊರನ್ನು ಕೊಡುವಾಗ ಊರಿನವರ ಒಪ್ಪಿಗೆಯನ್ನು ಕೇಳುವ ಪದ್ಧತಿಯಿರಲಿಲ್ಲ.

973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟ ಕಕ್ಕಲನನ್ನು ಸೋಲಿಸಿದನು. ಭಿವಂಡಿಯ ಬಳಿಯ ಭಾದಾಣೆಯಲ್ಲಿ ದೊರೆತ 997ರ ತಾಮ್ರಪಟದಲ್ಲಿ ಶಿಲಾಹಾರ ಅಪರಾಜಿತನು ಆ ಊರನ್ನು ಲೋಣಾದಿತ್ಯ ದೇವರ ಪೂಜೆಗೆ ಬಿಟ್ಟುಕೊಟ್ಟಿದ್ದಾನೆ. ಈಗ ಅವನ ಮೇಲೆ ಒಡೆಯನಿಲ್ಲ. ಆದರೂ ಶಾಸನವು ಮೊದಲು ರಾಷ್ಟ್ರಕೂಟ ಅರಸರ ವಂಶಾವಳಿಯನ್ನು ಹೇಳಿ, ಆ ರಾಜ್ಯವು ಅಳಿದುದನ್ನು ತಿಳಿಸಿ, ಆಮೇಲೆ ತನ್ನ ವಂಶದ ಕಥೆಗೆ ಬರುತ್ತದೆ. ಮಾನ್ಯಖೇಟದ ಸಿಂಹಾಸನವು ಬರಿದಾಗಿ ಆಗಲೇ ಇಪ್ಪತ್ತನಾಲ್ಕು ವರ್ಷಗಳಾಗಿದ್ದವು.