ಮಿತವಾದ ಬರವಣಿಗೆ

ಪರೀಕ್ಷೆಯು ಮುಗಿದು ಹೊರಗೆ ಬಂದೊಡನೆ ಗೆಳತಿಯರು ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆಯು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಜ್ಞಾಪಕವಿರಬಹುದು: "ಎಷ್ಟು ಪುಟ ಬರೆದೆ?" ಈ ಪ್ರಶ್ನೆಯು ಹುಟ್ಟಿದುದಕ್ಕೆ ಉಪಾಧ್ಯಾಯಿನಿಯರಾದ ನಾವೂ ಕಾರಣರೆಂದು ಒಪ್ಪಿಕೊಳ್ಳಬೇಕು. ಉದ್ದವಾದ ಉತ್ತರವನ್ನು ಪರಿಶ್ರಮವೆಂದು ಭ್ರಮಿಸಿ ಹೆಚ್ಚು ಅಂಕಗಳನ್ನು ಕೊಟ್ಟವರು ನಾವೇ.

ಹಗಲಿನಲ್ಲಿ ಗಾಳಿಯು ಕಡಲಿನಿಂದ ನೆಲದ ಕಡೆಗೆ ಬೀಸಲು ಕಾರಣವೇನು ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಒಬ್ಬಳು, ಸಮುದ್ರವು ವಿಶಾಲವಾದುದೆಂದೂ, ಗಾಳಿಯಿಲ್ಲದೆ ನಾವು ಬದುಕಲಾರೆವೆಂದೂ, ಕಡಲ ತೀರದಲ್ಲಿ ತಿರುಗಾಡುವುದು ಹಿತಕರವೆಂದೂ ಬರೆದು ಪುಟವನ್ನು ತುಂಬಿಸುವಳು. ಇದರಲ್ಲಿ ಸುಳ್ಳೇನೂ ಇಲ್ಲ, ಉತ್ತರವೂ ಇಲ್ಲ. ಮತ್ತೊಬ್ಬಳು, "ಬಿಸಿಲಿಗೆ ನೆಲವು ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಣ ಗಾಳಿಯು ಬಿಸಿಯಾಗಿ, ಹಗುರವಾಗಿ ಮೇಲಕ್ಕೇರುತ್ತದೆ. ಆ ಸ್ಥಳಕ್ಕೆ ಕಡಲ ಮೇಲಣ ತಂಪು ಗಾಳಿಯು ಬರುತ್ತದೆ" ಎಂದು ಮೂರೇ ವಾಕ್ಯಗಳಲ್ಲಿ ಮುಗಿಸುವಳು. ಇದೇ ಮಿತವಾದ ಬರವಣಿಗೆ. ಮೂರನೆಯವಳು "ನೆಲವು ಕಾಯುವುದರಿಂದ" ಎಂದಷ್ಟೇ ಬರೆದರೆ ಅದನ್ನು ಸಂಕ್ಷೇಪವೆನ್ನಲಾಗದು. ಕಾರಣಕ್ಕೂ ಕಾರ್ಯಕ್ಕೂ ನಡುವಣ ಕೊಂಡಿಯು ಅಲ್ಲಿ ಕಡಿದುಹೋಗಿದೆ.

೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡ ವ್ಯಾಕರಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಅಡಕಮಾಡಿದನು. ಕಂದವೊಂದಕ್ಕೆ ೬೪ ಮಾತ್ರೆಗಳೇ ಮಿತಿ. ಆದರೂ ಓದುವವರಿಗೆ ತೊಡಕಾಗದಂತೆ ತಾನೇ ವೃತ್ತಿಯನ್ನೂ ಪ್ರಯೋಗಗಳನ್ನೂ ಕೂಡಿಸಿಕೊಟ್ಟನು. ಎಲ್ಲಿ ಕಿರಿದಾಗಿಸಬೇಕು, ಎಲ್ಲಿ ಬಿಡಿಸಿ ಹೇಳಬೇಕು ಎಂಬುದನ್ನು ಅವನಿಂದ ಕಲಿಯಬಹುದು. ಪದವೆಣಿಸಿ ಹಣ ತೆರಬೇಕಾಗಿದ್ದ ತಂತಿಯ ಸಮಾಚಾರವು ನಮ್ಮ ದೇಶದಲ್ಲಿ ೨೦೧೩ರಲ್ಲಿ ನಿಂತುಹೋಯಿತು. ಓದುವವರ ಹೊತ್ತಿಗೆ ಮಾತ್ರ ಇಂದಿಗೂ ಬೆಲೆಯುಂಟು.

ಅಭ್ಯಾಸವು ಕಠಿಣವಲ್ಲ. ಮೊದಲು ಪ್ರಶ್ನೆಯನ್ನು ಎರಡು ಸಾರಿ ಓದಬೇಕು. ಉತ್ತರದ ಸಾರವನ್ನು ಒಂದು ವಾಕ್ಯದಲ್ಲಿ ಹೇಳಿಕೊಂಡು ಅನಂತರ ಬರೆಯಬೇಕು. ಬರೆದ ಮೇಲೆ ಒಂದೊಂದು ವಾಕ್ಯವನ್ನೂ ಬೆರಳಿನಿಂದ ಮುಚ್ಚಿ ನೋಡಬೇಕು; ಅದಿಲ್ಲದೆಯೂ ಉತ್ತರವು ಪೂರ್ಣವಾಗಿದ್ದರೆ ಅದನ್ನು ಹೊಡೆದುಹಾಕಬೇಕು.

ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮಗಳು ಮನೆಪಾಠವನ್ನು ತೋರಿಸಿದಾಗ ಪುಟಗಳನ್ನು ಎಣಿಸದೆ, "ಇದರಲ್ಲಿ ನೀನು ಹೇಳಿದ್ದೇನಮ್ಮ?" ಎಂದು ಕೇಳಿರಿ. ಮಾತುಗಳ ರಾಶಿಯ ಹಿಂದೆ ತನಗೆ ತಿಳಿಯದುದನ್ನು ಅಡಗಿಸುವ ಹುಡುಗಿಯು ಕ್ರಮೇಣ ಅದನ್ನು ತನ್ನಿಂದಲೇ ಅಡಗಿಸಿಕೊಳ್ಳುವಳು. ತಿಳಿದಷ್ಟನ್ನು ನೇರವಾಗಿ ಬರೆಯುವವಳಿಗೆ ತಿಳಿಯದುದು ಎಲ್ಲಿದೆಯೆಂದು ಕಾಣುವುದು. ಅಲ್ಲಿಂದಲೇ ಅವಳ ಮುಂದಿನ ಪಾಠವು ಆರಂಭವಾಗುವುದು.