ನಮ್ಮ ಗಾಡಿಗೆ ಯಾವ ಪಂಪು?

ಹೋದ ವರ್ಷ ಹೆಸರಿನ ಸುಗ್ಗಿಯಾಗ ನಮ್ಮ ಹೊಲದಾಗ ನಡೆದದ್ದನ್ನ ಮೊದಲು ಹೇಳಿ ಆಮೇಲೆ ಪಾಠಕ್ಕೆ ಬರ್ತೀನಿ.

ರಾಶಿ ಮುಗಿದು ಹದಿನಾಲ್ಕು ಚೀಲ ತುಂಬಿ ಇಟ್ಟಿದ್ದೆವು. ಪಡುವಣಕ್ಕೆ ಮೋಡ ಕಟ್ಟಿತ್ತು. ನಮ್ಮದು ಎರೆ ಹೊಲ, ಒಂದು ಮಳೆ ಬಿದ್ದರ ಮುಗೀತು, ಯಾವ ಗಾಡಿಯೂ ಹೊರಗ ಬರೂದಿಲ್ಲ. ನೋಡಿದರ ಟ್ರ್ಯಾಕ್ಟರಿನ ಹಿಂದಿನ ಗಾಲಿ ಪೂರಾ ಕುಂತಿತ್ತು. ವಾಲಿನ ಪಿನ್ನು ಸಡಲಾಗಿ ಗಾಳಿ ಹೋಗಿತ್ತು. ಪಿನ್ನು ಬಿಗಿ ಮಾಡಿ ಕಾಕಾ ಹುಬ್ಬಳ್ಳಿಯಿಂದ ತಂದಿದ್ದ ಅಂಗೈಯಷ್ಟು ಚಾರ್ಜಿಂಗ್ ಪಂಪು ಹಚ್ಚಿದರು. ಹತ್ತು ನಿಮಿಷ ಗರ್ ಅಂತು, ಕೈ ಸುಡುವಷ್ಟು ಬಿಸಿಯಾಗಿ ತಾನೇ ಬಂದ್ ಆತು. ತಣ್ಣಗಾದ ಮೇಲೆ ಮತ್ತೆ ಹಚ್ಚಿದರ ಚಾರ್ಜ್ ಖಾಲಿ. ಬಾಜೂ ಹೊಲದವರ ಚಕ್ಕಡಿ ಬರುವತನಕ ಮಳೆ ಬಂದೇಬಿಟ್ಟಿತು. ಐದು ಚೀಲ ನೆನೆದು ಮೊಳಕೆ ಒಡೆದವು. ಅಕ್ಕನ ಕಾಲೇಜಿನ ಫೀ ಆ ಹೆಸರಿನ ಮ್ಯಾಲೇ ಇತ್ತು.

ಪಂಪು ಕೆಟ್ಟದ್ದೇನೂ ಇದ್ದಿಲ್ಲ. ಕಾಕಾನ ಮೋಟರ್‌ಸೈಕಲ್ಲಿಗೆ ಅದು ಈಗಲೂ ಚಲೋ ಗಾಳಿ ತುಂಬ್ತದ. ಹಂಗಾದರ ತಪ್ಪು ಎಲ್ಲಿ ಆತು? ವಿಜ್ಞಾನದ ಗುರುಗಳನ್ನ ಕೇಳಿದೆ. ಅವರು "ಲೆಕ್ಕ ಮಾಡಿ ನೋಡು" ಅಂದರು. ಮಾಡಿದೆ.

ಮೋಟರ್‌ಸೈಕಲ್ಲಿನ ಟ್ಯೂಬಿನೊಳಗೆ ಸುಮಾರು 6 ಲೀಟರ್ ಜಾಗ ಇರುತ್ತದೆ. ನಮ್ಮ ಕಡೆ ಹೆಚ್ಚಾಗಿ ಇರುವ ಟ್ರ್ಯಾಕ್ಟರಿನ ಹಿಂದಿನ ಗಾಲಿ 13.6-28 ಅಳತೆಯದು (ಟಾಯರಿನ ಮೇಲೆ ಉಬ್ಬಿದ ಅಕ್ಷರದಾಗ ಬರೆದಿರ್ತಾರ, ಓದಿ ನೋಡ್ರಿ). ಅದರೊಳಗೆ ಸುಮಾರು 250 ಲೀಟರ್ ಜಾಗ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಒಂದು ಚದರ ಇಂಚಿಗೆ 14.7 ಪೌಂಡು. ಪಂಚರ್ ಅಂಗಡಿಯವರು "28 ಪೌಂಡ್ ಹಾಕೀನಿ" ಅನ್ನುವುದು ಇದಕ್ಕಿಂತ ಮೇಲಿನ ಲೆಕ್ಕ. ಅಂದರೆ ಟ್ಯೂಬಿನ ಜಾಗದ ಎರಡು ಪಟ್ಟು ಗಾಳಿಯನ್ನು ಹೊರಗಿನಿಂದ ತುರುಕಬೇಕು. ಮೋಟರ್‌ಸೈಕಲ್ಲಿಗೆ 12 ಲೀಟರ್ ಸಾಕು. ಟ್ರ್ಯಾಕ್ಟರಿನ ಗಾಲಿಗೆ ಹೊಲದಾಗ 12ರಿಂದ 14 ಪೌಂಡು ಸಾಕಾದರೂ ಜಾಗ ದೊಡ್ಡದಾದ್ದರಿಂದ ಸುಮಾರು 250 ಲೀಟರ್ ಗಾಳಿ ಬೇಕು. ಕಾಕಾನ ಪಂಪಿನ ಡಬ್ಬಿಯ ಮೇಲೆ "ನಿಮಿಷಕ್ಕೆ 15 ಲೀಟರ್, 10 ನಿಮಿಷ ನಡೆಸಿ ನಿಲ್ಲಿಸಿರಿ" ಎಂದು ಬರೆದೇ ಇತ್ತು! ಹತ್ತು ನಿಮಿಷಕ್ಕೆ ಹೆಚ್ಚೆಂದರೆ 150 ಲೀಟರ್. ಅದೂ ಒಳಗೆ ಒತ್ತಡ ಏರಿದಂತೆ ಕಡಿಮೆಯಾಗುತ್ತ ಹೋಗುತ್ತದೆ. ಕಾಕಾ ಡಬ್ಬಿಯ ಮೇಲೆ ನೋಡಿದ್ದು "150 ಪೌಂಡ್" ಅನ್ನೋ ದಪ್ಪ ಅಕ್ಷರ ಮಾತ್ರ. ಪಂಪು ಎಷ್ಟು ಜೋರಾಗಿ ಒತ್ತುತ್ತದೆ ಎನ್ನುವುದು ಬೇರೆ, ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಎನ್ನುವುದು ಬೇರೆ. ದೊಡ್ಡ ಗಾಲಿಗೆ ಎರಡನೆಯದನ್ನೇ ನೋಡಬೇಕು.

ಇನ್ನು ಕೈಪಂಪಿನ ವಿಚಾರ. ಶಾಲೆಯ ಸೈಕಲ್ ಪಂಪನ್ನು ಬಿಚ್ಚಿ ಅಳೆದೆವು. ಒಳಗಿನ ವ್ಯಾಸ ಎರಡೂವರೆ ಸೆಂಟಿಮೀಟರ್, ದಂಡ ಓಡುವ ಉದ್ದ 40 ಸೆಂಟಿಮೀಟರ್. ಒಂದು ಸಲ ಒತ್ತಿದರೆ 200 ಮಿಲಿಲೀಟರ್ ಗಾಳಿ. ಮೋಟರ್‌ಸೈಕಲ್ಲಿಗೆ 60 ಸಲ ಆಗಬೇಕು. ನಾವು ಎಣಿಸಿದಾಗ 85 ಆತು, ಯಾಕಂದರ ಪಂಪಿನ ವಾಶರ್ ಸವೆದಿತ್ತು. ಟ್ರ್ಯಾಕ್ಟರಿಗಾದರ 1250 ಸಲ. ಯಾರ ರಟ್ಟಿ ಉಳೀತಾವ?

ಹಂಗಂದರ ದಪ್ಪ ಪಂಪು ತಗೊಂಡರಾತು ಅಂತೀರಿ. ಅಲ್ಲಿಯೂ ಒಂದು ಪೇಚು ಐತಿ. 28 ಪೌಂಡು ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಭಾರ. ಎರಡೂವರೆ ಸೆಂಟಿಮೀಟರ್ ಪಂಪಿನ ಕೊನೆಯ ಒತ್ತಿಗೆ 10 ಕಿಲೋ ಬಲ ಬೇಕು. ನಾಲ್ಕು ಸೆಂಟಿಮೀಟರಿನದಕ್ಕೆ 25 ಕಿಲೋ! ನಮ್ಮಂಥ ಹುಡುಗರು ಮೈಭಾರ ಎಲ್ಲಾ ಹಾಕಬೇಕಾಗುತ್ತದೆ. ಆದ್ದರಿಂದ ಗಾಳಿ ಕಡಿಮೆ, ಒತ್ತಡ ಹೆಚ್ಚು ಬೇಕಾದ ಸೈಕಲ್ಲಿಗೆ ಸಣಕಲು ಪಂಪೇ ಸರಿ. ಕಾಲಿನ ಪಂಪಿಗೆ ಮೀಟರ್ ಇರುವುದನ್ನು ತಗೊಂಡರೆ ಮೋಟರ್‌ಸೈಕಲ್ಲಿಗೂ ಆಗುತ್ತದೆ, ಚಾರ್ಜಿನ ಹಂಗಿಲ್ಲ.

ಸರ್ಕಾರ 2006-07ರಿಂದ ಎಂಟನೇತ್ತೆಯವರಿಗೆ ಸೈಕಲ್ ಕೊಡುತ್ತಿತ್ತು. ಹಂಗ ಸಿಕ್ಕ ಅಕ್ಕನ ಸೈಕಲ್ಲನ್ನೇ ಈಗ ನಾನು ಹೊಡೀತೀನಿ. ಅದರ ವಾಲಿನೊಳಗೆ ರಬ್ಬರಿನ ಸಣ್ಣ ವಾಲ್‌ಟ್ಯೂಬ್ ಇರುತ್ತದೆ. ಮೋಟರ್‌ಸೈಕಲ್, ಟ್ರ್ಯಾಕ್ಟರ್, ಕಾರುಗಳ ವಾಲಿಗೆ ಒಳಗೆ ಪಿನ್ನು. ಪಂಪಿನ ಬಾಯಿ ಒಂದಕ್ಕೆ ಕೂತರೆ ಇನ್ನೊಂದಕ್ಕೆ ಕೂಡುವುದಿಲ್ಲ. ಕೊಳ್ಳುವಾಗ ಎರಡೂ ಬಾಯಿ ಡಬ್ಬಿಯೊಳಗೆ ಇವೆಯೋ ಇಲ್ಲವೋ ತೆಗೆಸಿ ನೋಡಬೇಕು. ವಾಲ್‌ಟ್ಯೂಬಿನ ಸೈಕಲ್ಲಿಗೆ ಮೀಟರ್ ಸರಿಯಾಗಿ ತೋರಿಸುವುದೂ ಇಲ್ಲ. ಅದಕ್ಕೆ ಹೆಬ್ಬೆಟ್ಟೇ ಮೀಟರ್.

ರಬ್ಬರ್ ಗಾಲಿಯೊಳಗೆ ಗಾಳಿ ತುಂಬುವ ಉಪಾಯವನ್ನು 1888ರಲ್ಲಿ ಬೆಲ್‌ಫಾಸ್ಟ್ ಊರಿನಲ್ಲಿ ಬಳಕೆಗೆ ತಂದ ಡನ್ಲಪ್ ದನಗಳ ಡಾಕ್ಟರ್ ಆಗಿದ್ದರು. ಮಗನ ಮೂರು ಗಾಲಿ ಸೈಕಲ್ಲು ಕುಲುಕಾಡಬಾರದು ಅಂತ ಮಾಡಿದ್ದು.

ಟ್ರ್ಯಾಕ್ಟರ್ ಇದ್ದವರು ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಚ್ಚುವ 12 ವೋಲ್ಟಿನ ದೊಡ್ಡ ಪಂಪು ನೋಡಬೇಕು. ಕೆಂಪು ಕ್ಲಿಪ್ ಕೂಡು ಗುರುತಿಗೆ, ಕರಿದು ಕಳೆ ಗುರುತಿಗೆ. ಇಂಜಿನ್ ಚಾಲೂ ಇಟ್ಟು ತುಂಬಬೇಕು. ಇಂಥ ಪಂಪು 10 ಆಂಪಿಯರಿಗಿಂತ ಹೆಚ್ಚು ಎಳೆಯಬಹುದು, ಮೋಟರ್‌ಸೈಕಲ್ಲಿನ ಸಣ್ಣ ಬ್ಯಾಟರಿಗೆ ಹಚ್ಚಿದರೆ ಅದು ಸತ್ತಂತೆಯೇ. ಗಾಲಿಗೆ ನೀರು ತುಂಬಿಸಿದವರು ವಾಲು ಮೇಲೆ ಬರುವಂತೆ ಗಾಲಿ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ನೀರು ಪಂಪಿಗೆ ಬರುತ್ತದೆ.

ಮೀಟರನ್ನು ಕಣ್ಣು ಮುಚ್ಚಿ ನಂಬಬ್ಯಾಡ್ರಿ. ಹೊಸ ಪಂಪು ತಂದ ದಿನವೇ ಪಂಚರ್ ಅಂಗಡಿಯ ಮೀಟರಿಗೆ ಹೋಲಿಸಿ, ಎಷ್ಟು ಪೌಂಡು ಹೆಚ್ಚುಕಡಿಮೆ ಅಂತ ಪಂಪಿನ ಮೇಲೆ ಬರೆದಿಡಬೇಕು. ಗಾಳಿ ನೋಡುವುದು ಮುಂಜಾನೆ, ಗಾಡಿ ಓಡುವ ಮೊದಲು. ಓಡಿ ಬಂದ ಟಾಯರ್ ಬಿಸಿಯಾಗಿ ಹೆಚ್ಚು ತೋರಿಸುತ್ತದೆ, ಅದನ್ನ ನೋಡಿ ಗಾಳಿ ಬಿಟ್ಟೀರಿ ಜೋಕೆ.

ಈ ಸಲ ನಮ್ಮ ಓಣಿಯ ನಾಲ್ಕು ಮನೆಯವರು ಪಟ್ಟಿ ಹಾಕಿ ಒಂದು ದೊಡ್ಡ ಪಂಪು ತರೂದು ಅಂತ ಮಾತಾಗೈತಿ. ಯಾರ ಮನಿಯಾಗ ಇಡಬೇಕು ಅನ್ನೂದು ಇನ್ನೂ ಬಗೆಹರಿದಿಲ್ಲ. ಡಬ್ಬಿ ಓದಿ ನೋಡಾಕ ಕಾಕಾ ನನ್ನನ್ನ ಹುಬ್ಬಳ್ಳಿಗೆ ಕರಕೊಂಡು ಹೋಗ್ತೀನಿ ಅಂದಾರ.

— ಒಂಬತ್ತನೇ ತರಗತಿಯ ವಿದ್ಯಾರ್ಥಿ