ಅಂಚೆ ಚೀಲ ಬಿಚ್ಚುವವರ ಕೆಲಸ



ಈ ಸಲದ ಗೋಡೆ ಪತ್ರಿಕೆಗೆ ‘ನಮ್ಮೂರಿನ ಕೆಲಸಗಾರರು’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಮೂರು ದಿನ ನಮ್ಮ ಶಾಖಾ ಅಂಚೆ ಕಚೇರಿಯಲ್ಲಿ ಕೂತು ನೋಡಿ ಈ ಪಾಠ ಬರೆದಿದ್ದೇನೆ. ಅಂಚೆಯಣ್ಣ ಅಂದ್ರೆ ಸೈಕಲ್ ತುಳಿದು ಕಾಗದ ಕೊಡೋದು ಅಷ್ಟೇ ಅಂತ ನಾವು ತಿಳಿದಿದ್ದೇವೆ. ಅದು ಅರ್ಧ ಕೆಲಸ ಮಾತ್ರ.

ಇವರು ಯಾರು?

ಹಳ್ಳಿಯ ಅಂಚೆ ಕಚೇರಿಯಲ್ಲಿ ದುಡಿಯುವವರಿಗೆ ಗ್ರಾಮೀಣ ಡಾಕ್ ಸೇವಕರು ಎಂದು ಹೆಸರು. ಇವರಲ್ಲಿ ಮೂರು ಬಗೆ: ಶಾಖಾ ಪೋಸ್ಟ್ ಮಾಸ್ಟರ್, ಸಹಾಯಕ ಶಾಖಾ ಪೋಸ್ಟ್ ಮಾಸ್ಟರ್ ಮತ್ತು ಡಾಕ್ ಸೇವಕ.

ಕರ್ತವ್ಯಗಳು

1. ಉಪ ಅಂಚೆ ಕಚೇರಿಯಿಂದ ಬಂದ ಚೀಲದ ಮುದ್ರೆ ಒಡೆದಿಲ್ಲವೇ, ಚೀಲ ಹರಿದಿಲ್ಲವೇ ಎಂದು ಮೊದಲು ನೋಡಬೇಕು. ಆಮೇಲೆಯೇ ಬಿಚ್ಚಬೇಕು.
2. ಒಳಗಿನ ಪಟ್ಟಿಯಲ್ಲಿ ಇರುವಷ್ಟು ಕಾಗದ, ಪಾರ್ಸಲ್, ಹಣ ಬಂದಿದೆಯೇ ಎಂದು ಎಣಿಸಿ ಸರಿನೋಡಬೇಕು.
3. ತಾರೀಖಿನ ಮೊಹರು ಹೊಡೆಯಬೇಕು. ದಿನಾ ಬೆಳಿಗ್ಗೆ ಮೊಹರಿನ ತಾರೀಖು ಬದಲಾಯಿಸಬೇಕು. ಮರೆತರೆ ಎಲ್ಲಾ ತಪ್ಪು.
4. ಕೇರಿ, ಹಳ್ಳಿ ಪ್ರಕಾರ ಕಾಗದ ವಿಂಗಡಿಸಬೇಕು. ನಡೆಯುವ ದಾರಿಯಲ್ಲಿ ಯಾವ ಮನೆ ಮೊದಲು ಸಿಗುತ್ತದೋ ಆ ಕಾಗದ ಮೇಲೆ.
5. ಸ್ಪೀಡ್ ಪೋಸ್ಟ್ ಆದರೆ ಸಹಿ ತೆಗೆದುಕೊಂಡೇ ಕೊಡಬೇಕು. (ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ.)
6. ಮನೆಯವರು ಸಿಗದಿದ್ದರೆ ಯಾಕೆ ಕೊಡಲಿಲ್ಲ ಎಂದು ಕಾಗದದ ಮೇಲೆ ಕಾರಣ ಬರೆಯಬೇಕು.
7. ಡಬ್ಬಿಯಲ್ಲಿನ ಕಾಗದ ತೆಗೆದು, ಸ್ಟ್ಯಾಂಪಿನ ಮೇಲೆ ಮೊಹರು ಹೊಡೆದು, ಚೀಲ ಕಟ್ಟಿ ಕಳಿಸಬೇಕು.

ಇನ್ನೊಬ್ಬರ ಕಾಗದ ಓದಬಾರದು, ಅದರ ಸುದ್ದಿಯನ್ನು ಊರಲ್ಲಿ ಹೇಳಬಾರದು. ನಮ್ಮ ಅಂಚೆಯಣ್ಣ ಕಾರ್ಡನ್ನು ಸಹ ವಿಳಾಸದ ಕಡೆ ಮಾತ್ರ ತಿರುಗಿಸಿ ಹಿಡಿಯುತ್ತಾರೆ. ಇದನ್ನು ನಾನೇ ಕಣ್ಣಾರೆ ನೋಡಿದೆ.

ಪಿನ್ ಕೋಡ್

ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಇದರಲ್ಲಿ 6 ಅಂಕಿ. ನಮ್ಮ ಕರ್ನಾಟಕದ ಪಿನ್ 56, 57, 58 ಅಥವಾ 59ರಿಂದ ಶುರುವಾಗುತ್ತದೆ. ಮೊದಲ ಮೂರು ಅಂಕಿ ಕಾಗದ ವಿಂಗಡಿಸುವ ಜಿಲ್ಲೆಯನ್ನು ಹೇಳುತ್ತವೆ, ಕೊನೆಯ ಮೂರು ಅಂಕಿ ಅಂಚೆ ಕಚೇರಿಯನ್ನು.

ಇಲ್ಲಿ ನನ್ನ ತಪ್ಪು ಹೇಳಬೇಕು. ಹೋದ ವರ್ಷ ನಮ್ಮ ಅಕ್ಕ ಶಿವಮೊಗ್ಗದಲ್ಲಿ ಹೊಲಿಗೆ ತರಬೇತಿಗೆ ಅರ್ಜಿ ಬರೆದಳು. ಕವರಿನ ಮೇಲೆ ವಿಳಾಸ ಬರೆದವನು ನಾನು. ಆಟಕ್ಕೆ ಹೋಗುವ ಅವಸರದಲ್ಲಿ 577201 ಅಂತ ಬರೆದೆ, ಆದರೆ ಎರಡನೆಯ 7 ಥೇಟ್ 1ರ ಹಾಗೆ ಕಾಣ್ತಿತ್ತು. 571201 ಅಂದ್ರೆ ಮಡಿಕೇರಿ! ಕಾಗದ ಮಡಿಕೇರಿ ನೋಡಿಕೊಂಡು ಶಿವಮೊಗ್ಗಕ್ಕೆ ಹೋಯಿತು. ಅಷ್ಟರಲ್ಲಿ ಕೊನೆ ದಿನ ಮುಗಿದು ಎರಡು ದಿನ ಆಗಿತ್ತು. ಅರ್ಜಿ ವಾಪಸ್ ಬಂತು. ಅಂಚೆಯಣ್ಣ ಕವರಿನ ಹಿಂದಿದ್ದ ಮೊಹರು ತೋರಿಸಿ, “ನೋಡಪ್ಪಾ, ಇದು ಎಲ್ಲೆಲ್ಲಿ ಸುತ್ತಿದೆ” ಅಂದರು. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವಳು ಆ ವರ್ಷವೆಲ್ಲಾ ಮನೆಯಲ್ಲೇ ಇದ್ದಳು.

ಅರ್ಹತೆಗಳು

* ಗಣಿತ ಮತ್ತು ಇಂಗ್ಲಿಷ್ ವಿಷಯಗಳೊಂದಿಗೆ ಹತ್ತನೇ ತರಗತಿ ಪಾಸಾಗಿರಬೇಕು.
* ಸ್ಥಳೀಯ ಭಾಷೆಯನ್ನು, ಅಂದರೆ ನಮ್ಮಲ್ಲಿ ಕನ್ನಡವನ್ನು, ಹತ್ತನೇ ತರಗತಿವರೆಗೆ ಓದಿರಬೇಕು.
* ವಯಸ್ಸು 18ರಿಂದ 40. ಕೆಲವು ವರ್ಗದವರಿಗೆ ರಿಯಾಯಿತಿ ಇದೆ.
* ಸೈಕಲ್ ಬರಬೇಕು, ಕಂಪ್ಯೂಟರ್ ತಿಳಿದಿರಬೇಕು.
* ಬೇರೆ ಪರೀಕ್ಷೆ ಇಲ್ಲ. ಹತ್ತನೇ ತರಗತಿಯ ಅಂಕ ನೋಡಿ ಆರಿಸುತ್ತಾರೆ.

ದಿನಕ್ಕೆ ಕೆಲಸ 4–5 ಗಂಟೆ. 2018ರಲ್ಲಿ ಮಾಡಿದ ಪ್ರಕಾರ ಡಾಕ್ ಸೇವಕರಿಗೆ ತಿಂಗಳಿಗೆ 10,000 ರೂಪಾಯಿಯಿಂದ, ಶಾಖಾ ಪೋಸ್ಟ್ ಮಾಸ್ಟರಿಗೆ 12,000 ರೂಪಾಯಿಯಿಂದ ಶುರು. ಅದರ ಮೇಲೆ ತುಟ್ಟಿಭತ್ಯೆ. ಇದು ಪೂರ್ತಿ ಸರ್ಕಾರಿ ನೌಕರಿ ಅಲ್ಲ. ಆದ್ದರಿಂದ ನಮ್ಮ ಅಂಚೆಯಣ್ಣ ಕೆಲಸ ಮುಗಿಸಿ ತೋಟಕ್ಕೂ ಹೋಗುತ್ತಾರೆ. ಮುಂದೆ ಇಲಾಖೆಯ ಪರೀಕ್ಷೆ ಬರೆದು ಪೋಸ್ಟ್ ಮ್ಯಾನ್ ಆಗಬಹುದು.

ಬರೆಯದೇ ಇರುವ ಅರ್ಹತೆ ಒಂದಿದೆ, ಅದು ಜಾಗ್ರತೆ. ಒಂದೇ ಹೆಸರಿನವರು ಊರಲ್ಲಿ ಇಬ್ಬರಿದ್ದರೆ ಅವರ ತಂದೆಯ ಹೆಸರು ಕೇಳಿಯೇ ಕೊಡಬೇಕು. ಒಂದು ಕವರಿನಲ್ಲಿ ಯಾರದ್ದೋ ಒಂದು ವರ್ಷ ಇರುತ್ತದೆ.

ಗೆಳೆಯರೇ, ನಾವು ಮಾಡಬೇಕಾದದ್ದು: ಅಂಕಿ ಬಿಡಿಬಿಡಿಯಾಗಿ ದುಂಡಗೆ ಬರೆಯಿರಿ. ಕಳಿಸುವವರ ವಿಳಾಸವನ್ನೂ ಬರೆಯಿರಿ. ಡಬ್ಬಿಗೆ ಹಾಕುವ ಮುಂಚೆ ಇನ್ನೊಬ್ಬರ ಹತ್ತಿರ ಓದಿಸಿ. ಈ ವರ್ಷ ಅಕ್ಕನ ಅರ್ಜಿಗೆ ವಿಳಾಸ ಬರೆದವನೂ ನಾನೇ. ಅವಳೇ ಪೆನ್ನು ಕೊಟ್ಟಳು. 7ಕ್ಕೆ ನಡುವೆ ಒಂದು ಅಡ್ಡಗೆರೆ ಹಾಕಿದೆ. ಅವಳಿಗೆ ಸೀಟು ಸಿಕ್ಕಿದೆ.

ಪ್ರಶ್ನೆ: ನಮ್ಮೂರಿನ ಪಿನ್ ಕೋಡ್ ಎಷ್ಟು? ನೋಡದೆ ಹೇಳಿ.